ಬೆಳಗದ ಬಿಳಿ ಮಣಿ

ಬನಹಟ್ಟಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಇದು ದೂರಲ್ಲ, ನಾನೂ ಅಲ್ಲಿಯವಳೇ. ಮನೆಯ ಅರ್ಧದಲ್ಲಿ ಪವರ್‌ಲೂಮು, ಉಳಿದರ್ಧದಲ್ಲಿ ಸಂಸಾರ ಇರುವ ಊರಿನಲ್ಲಿ ಹುಟ್ಟಿದವರಿಗೆ ಕೂಗಿ ಮಾತಾಡುವುದು, ಕೂಗಿದ್ದೂ ಕೇಳದಿದ್ದರೆ ಕೈಸನ್ನೆ ಮಾಡುವುದು, ಎದುರಿನವರ ತುಟಿ ನೋಡಿ ಅರ್ಧ ಮಾತು ಊಹಿಸಿಕೊಳ್ಳುವುದು ತಾನಾಗಿ ಬರುತ್ತದೆ. ನಾನು ಮದುವೆಯಾಗಿ ಜಮಖಂಡಿಗೆ ಬಂದಾಗ ಅತ್ತೆ ಒಂದು ವಾರ ಸುಮ್ಮನಿದ್ದು, ಕೊನೆಗೆ ಮಗನನ್ನು ಕರೆದು, "ನಿನ್ನ ಹೆಂಡ್ತಿಗೆ ನನ್ನ ಮ್ಯಾಲ ಏನರ ಸಿಟ್ಟು ಐತೇನೋ?" ಎಂದು ಕೇಳಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಮುಂದೆ ಹೇಳುವ ತಪ್ಪನ್ನು ಬೇರೆ ಊರಿನಲ್ಲಿ ಹುಟ್ಟಿದವರು ಮಾಡಲು ಸಾಧ್ಯವಿರಲಿಲ್ಲ, ನಾನು ಮಾಡಿದೆ.

ನನ್ನ ಹೆಸರು ಅಂಬಿಕಾ ಮುರಗೋಡ. ಜಮಖಂಡಿಯ ಮಿದುಳಲೆ ಕೊಠಡಿಯಲ್ಲಿ ಹಿರಿಯ ತಂತ್ರಜ್ಞೆ. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಯಾರ ಹಣೆಗೆ ಪಟ್ಟಿ ಇದೆಯೋ ಅವರ ಮಿದುಳಿನ ಅಲೆಗಳು ನಮ್ಮ ಗೋಡೆಯ ಪರದೆಗಳ ಮೇಲೆ ಹರಿಯುತ್ತಿರುತ್ತವೆ. ಪಟ್ಟಿ ಅಂದರೆ ಎರಡು ಬೆರಳಗಲದ ಬಟ್ಟೆ, ಒಳಗೆ ಕೂದಲಿನಷ್ಟು ತೆಳ್ಳಗಿನ ತಂತಿಗಳು, ಕಿವಿಯ ಪಕ್ಕಕ್ಕೆ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಮಣಿ. ಮಿದುಳಿನ ಕೋಶಗಳು ಒಂದರ ಜೊತೆ ಒಂದು ಸಣ್ಣ ವಿದ್ಯುತ್ತಿನಲ್ಲಿ ಮಾತಾಡಿಕೊಳ್ಳುತ್ತವೆ. ತಮ್ಮ ಪಾಡಿಗೆ ಮಾತಾಡುವುದನ್ನು ಬಿಟ್ಟು ಎಲ್ಲ ಒಟ್ಟಿಗೆ ಒಂದೇ ತಾಳಕ್ಕೆ ಕೂಗತೊಡಗಿದರೆ ಅದೇ ಅಪಸ್ಮಾರ, ಜನರ ಬಾಯಲ್ಲಿ ಫಿಟ್ಸ್. ಆ ಕೂಗು ಎಲ್ಲಿ ಶುರುವಾಯಿತು, ಎಷ್ಟು ದೂರ ಹಬ್ಬಿತು, ಯಾವ ತಾಳದಲ್ಲಿದೆ ಎಂಬುದರ ಮೇಲೆ ಅದರ ಬಗೆ. ನಮ್ಮ ಕಂಪ್ಯೂಟರು ಬಗೆಯನ್ನು ಗುರುತಿಸಿ ಮಣಿಗೆ ಬಣ್ಣ ಕೊಡುತ್ತದೆ.

ಕೆಂಪು ಹೊತ್ತಿದರೆ ಇಡೀ ಮಿದುಳು ಒಮ್ಮೆಲೇ ಕೂಗಿದೆ ಎಂದರ್ಥ. ಮೈ ಸೆಟೆದು, ಬಿದ್ದು, ಕೈಕಾಲು ಬಡಿಯುವ ಬಗೆ. ಜಗತ್ತಿಗೆಲ್ಲ ಗೊತ್ತಿರುವುದು ಇದೊಂದೇ. ಹಳದಿಯಾದರೆ ಕೂಗು ಒಂದು ಮೂಲೆಯಲ್ಲಿದೆ: ಮನುಷ್ಯ ಬೀಳುವುದಿಲ್ಲ, ಸುಮ್ಮನೆ ತುಟಿ ಚಪ್ಪರಿಸುತ್ತಾನೆ, ಅಂಗಿಯ ಗುಂಡಿ ತಿರುವುತ್ತಾನೆ, ಕರೆದರೆ ಬೇರೆಲ್ಲೋ ನೋಡುತ್ತಾನೆ. ನೀಲಿ ಅಂದರೆ ಮಿಂಚಿನಂಥ ಒಂದೇ ಜಗ್ಗು, ಹೆಚ್ಚಾಗಿ ಬೆಳಗಿನ ಹೊತ್ತು, ಚಹಾದ ಕಪ್ಪು ಕೈಯಿಂದ ಹಾರಿಹೋಗುತ್ತದೆ. ಇನ್ನು ಬಿಳಿ. ಬಿಳಿ ಬಗೆಯಲ್ಲಿ ಏನೂ ಆಗುವುದಿಲ್ಲ. ನೋಡುವವರಿಗೆ ಏನೂ ಕಾಣುವುದಿಲ್ಲ ಅನ್ನಬೇಕು. ಹೆಚ್ಚಾಗಿ ಮಕ್ಕಳಲ್ಲಿ ಬರುತ್ತದೆ. ಮಗು ಐದು ಹತ್ತು ಸೆಕೆಂಡು ಕಣ್ಣು ತೆರೆದಿದ್ದಂತೆಯೇ ಇಲ್ಲವಾಗಿ, ಮತ್ತೆ ಬರುತ್ತದೆ. ತಾನು ಹೋಗಿದ್ದೆ ಎಂದು ಮಗುವಿಗೂ ಗೊತ್ತಿರುವುದಿಲ್ಲ.

ಪಟ್ಟಿ ಬಂದ ಮೇಲೆ ಜನ ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಯಾರಾದರೂ ಬಿದ್ದರೆ ಒಬ್ಬ ಚಪ್ಪಲಿ ಮೂಸಿಸುತ್ತಿದ್ದ, ಇನ್ನೊಬ್ಬ ಕೈಗೆ ಕೀಲಿಗೊಂಚಲು ಕೊಡುತ್ತಿದ್ದ, ಮೂರನೆಯವಳು ಉಳ್ಳಾಗಡ್ಡಿ ತರಲು ಓಡುತ್ತಿದ್ದಳು. ಈಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಪಾಠ ಬಾಯಿಪಾಠವಾಗಿದೆ. ಕೆಂಪಿಗೆ ಒಂದು ಮಗ್ಗುಲಿಗೆ ಹೊರಳಿಸು, ತಲೆಯ ಕೆಳಗೆ ಮೆತ್ತಗೇನಾದರೂ ಇಡು, ಗಡಿಯಾರ ನೋಡು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಹಳದಿಗೆ ಹಿಡಿದು ಜಗ್ಗಬೇಡ, ಪಕ್ಕದಲ್ಲಿ ಕೂತಿರು. ಬಾಯಿಗೆ ಚಮಚ ತುರುಕಲು ಬಂದವನ ಕೈಗೆ ಚಟ್ಟನೆ ಏಟು ಬೀಳುತ್ತದೆ.

ಆದರೆ ಬನಹಟ್ಟಿಯಲ್ಲಿ ಬಿಳಿ ಮಣಿ ಹೊತ್ತಿದ್ದೇ ಇಲ್ಲ. ಮುಧೋಳದಲ್ಲಿ ಹೊತ್ತಿದೆ, ಬೀಳಗಿಯಲ್ಲಿ ಹೊತ್ತಿದೆ, ಬನಹಟ್ಟಿಯಲ್ಲಿ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಇಲ್ಲ. ಒಂದು ಸಭೆಯಲ್ಲಿ ನಾನೇ ಎದ್ದು ನಿಂತು, ನಮ್ಮೂರಿನ ಮಕ್ಕಳ ಮಿದುಳು ಗಟ್ಟಿ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ನಾಲ್ಕು ವರ್ಷದ ಲೆಕ್ಕ ಯಾಕೆಂದರೆ, ಅದಕ್ಕೂ ಮೊದಲು ಬನಹಟ್ಟಿಯಲ್ಲಿ ಪಟ್ಟಿಗಳು ನಡೆಯುತ್ತಲೇ ಇರಲಿಲ್ಲ. ಅಲ್ಲಿನ ಮಗ್ಗಗಳು ನಿಮಿಷಕ್ಕೆ ನೂರ ಎಂಬತ್ತು ಹೊಡೆತ ಹೊಡೆಯುತ್ತವೆ, ಸೆಕೆಂಡಿಗೆ ಮೂರು. ಆ ಹೊಡೆತಕ್ಕೆ ನೆಲ ನಡುಗುತ್ತದೆ, ಗೋಡೆ ನಡುಗುತ್ತದೆ, ಅಲ್ಲಿ ಕೂತವರ ತಲೆಯೂ ಅವರಿಗೇ ತಿಳಿಯದಷ್ಟು ಸಣ್ಣಗೆ ನಡುಗುತ್ತದೆ. ಪಟ್ಟಿಯ ತಂತಿಗಳು ಆ ನಡುಕವನ್ನೂ ಮಿದುಳಿನ ಅಲೆ ಎಂದೇ ತಿಳಿದು ಕಳಿಸುತ್ತಿದ್ದವು. ದಿನಕ್ಕೆ ನೂರಾರು ಸುಳ್ಳು ಎಚ್ಚರಿಕೆ, ಮಣಿಗಳು ಮನಸ್ಸಿಗೆ ಬಂದ ಬಣ್ಣ ಹೊತ್ತಿಸುತ್ತಿದ್ದವು. ಜನ ಬೇಸತ್ತು ಪಟ್ಟಿ ಬಿಚ್ಚಿ ಟ್ರಂಕಿಗೆ ಹಾಕಿದರು. ಹಾಗೆ ಬಿಚ್ಚಿಟ್ಟವರಲ್ಲಿ ಪರಪ್ಪ ಹಾವೋಜಿ ಒಬ್ಬ. ಅವನದು ಕೆಂಪು ಬಗೆ. ಒಂದು ದಿನ ನಡೆಯುವ ಮಗ್ಗದ ಪಕ್ಕದಲ್ಲೇ ಬಿದ್ದು ಭುಜದ ಎಲುಬು ಮುರಿದುಕೊಂಡ.

ಕಂಪನಿಯ ಎಂಜಿನಿಯರುಗಳು ಆರು ತಿಂಗಳು ತಲೆ ಕೆರೆದುಕೊಂಡರು. ನಾನು ಒಂದು ವಾರದಲ್ಲಿ ಮುಗಿಸಿದೆ. ಮಗ್ಗದ ಮನೆಯ ಮಗಳಿಗೆ ಮಗ್ಗದ ತಾಳ ಹೇಳಿಕೊಡಬೇಕೇ? ಬನಹಟ್ಟಿಯ ಪಟ್ಟಿಗಳಿಂದ ಸೆಕೆಂಡಿಗೆ ಮೂರರ ತಾಳದಲ್ಲಿ ಏನೇ ಬಂದರೂ ಅದು ಮಗ್ಗ, ತೆಗೆದು ಕಸಕ್ಕೆ ಹಾಕು ಎಂದು ಕಂಪ್ಯೂಟರಿಗೆ ಒಂದು ಜರಡಿ ಬರೆದುಕೊಟ್ಟೆ. ಮರುದಿನದಿಂದ ಊರಿಗೆ ಊರೇ ಶಾಂತವಾಯಿತು. ಪರಪ್ಪ ಮತ್ತೆ ಪಟ್ಟಿ ಕಟ್ಟಿಕೊಂಡ. ಪಟ್ಟಿಯ ದಾಖಲೆ ನೋಡಿ ಡಾಕ್ಟರು ಅವನ ಗುಳಿಗೆ ಸರಿಮಾಡಿದರು. ಮೂರು ವರ್ಷದಿಂದ ಅವನಿಗೆ ಒಂದೂ ಫಿಟ್ಸ್ ಇಲ್ಲ. ನನಗೆ ಶಾಲು, ಹಣ್ಣಿನ ಬುಟ್ಟಿ ಮತ್ತು ಫ್ರೇಮು ಹಾಕಿದ ಫೋಟೋ ಸಿಕ್ಕಿದವು.

ಆ ಪರಪ್ಪನ ಮಗಳೇ ಶಾಕಂಬರಿ. ಒಂಬತ್ತು ವರ್ಷ, ಎರಡು ಜಡೆ, ಮುಂದಿನ ಹಲ್ಲಿನಲ್ಲಿ ಸಣ್ಣ ಸಂದು. ಹೋದ ಜುಲೈಯಲ್ಲಿ ಅವಳ ಶಾಲೆಯಿಂದ ನಮಗೊಂದು ಪತ್ರ ಬಂತು. ಹುಡುಗಿ ಕರೆದರೆ ಕೇಳಿಸಿಕೊಳ್ಳುವುದಿಲ್ಲ, ಉಕ್ತಲೇಖನದಲ್ಲಿ ವಾಕ್ಯದ ನಡುವಿನ ಪದಗಳೇ ಇರುವುದಿಲ್ಲ, ಕೇಳಿದರೆ ಸುಮ್ಮನೆ ನೋಡುತ್ತಾಳೆ. ಮೂವತ್ತು ದಿನ ಪಟ್ಟಿ ಕಟ್ಟಿ ನೋಡಿ. ಮಿದುಳಿನಲ್ಲಿ ದೋಷವಿಲ್ಲವೆಂದಾದರೆ ಅವಳನ್ನು ನಿಧಾನವಾಗಿ ಕಲಿಯುವ ಮಕ್ಕಳ ವಸತಿ ಶಾಲೆಗೆ ಕಳಿಸುತ್ತೇವೆ. ಆ ಶಾಲೆ ತೊಂಬತ್ತು ಕಿಲೋಮೀಟರು ದೂರ. ಮಕ್ಕಳು ದಸರೆಗೆ ಮತ್ತು ಬೇಸಿಗೆಗೆ ಮಾತ್ರ ಮನೆಗೆ ಬರುತ್ತಾರೆ.

ಮೂವತ್ತನೆಯ ದಿನ ಒಂದು ಶನಿವಾರ. ವರದಿಗೆ ಸಹಿ ಹಾಕಬೇಕಾದವಳು ನಾನು. ಆ ವಾರದ ಸೋಮವಾರ ಪರಪ್ಪ ತನ್ನ ಪಟ್ಟಿಯ ಬ್ಯಾಟರಿ ಬದಲಿಸಿಕೊಳ್ಳಲು ನಮ್ಮ ಕೊಠಡಿಗೆ ಬಂದ. ಮಗಳ ಗೆರೆಗಳನ್ನು ಪರದೆಯ ಮೇಲೆ ತೋರಿಸಿದೆ. ಇಪ್ಪತ್ತೈದು ದಿನ, ಒಂದೂ ಬಣ್ಣವಿಲ್ಲ.

"ನಾ ಹೇಳಿದ್ನಿಲ್ರೀ ಅಕ್ಕಾರ?" ಎಂದ. "ಫಿಟ್ಸ್ ಅಂದ್ರ ಏನು ಅಂತ ನನಗ ಯಾರೂ ಹೇಳಿಕೊಡೂದು ಬ್ಯಾಡ. ಹದಿನೈದು ವರ್ಷ ಬಿದ್ದ ಎದ್ದೀನಿ. ಇಕಿ ಬೀಳೂದಿಲ್ಲ, ನೊರಿ ಬರೂದಿಲ್ಲ. ಇದು ನಾಟಕ. ಮೊನ್ನೆ ಉಣ್ಣಾಕ ಕುಂತಾಗ ಏನೋ ಕೇಳಿದೆ, ಮಾರಿ ನೋಡಿಕೋತ ಸುಮ್ನ ಕುಂತ್ಲು. ಸಿಟ್ಟು ಬಂತು, ಒಂದು ಕೊಟ್ಟೆ."

"ಹೊಡಿಬ್ಯಾಡ್ರಿ ಪರಪ್ಪ," ಎಂದೆ.

"ಹೊಡದು ನನಗೇನು ಖುಷಿ ಐತೇನ್ರಿ? ಆಕೀನ ಅಷ್ಟು ದೂರ ಕಳಿಸಿ ನಾ ಹೆಂಗ ಇರ್ಲಿ? ಶಾಣ್ಯಾ ಹುಡುಗಿ ಅಕ್ಕಾರ. ಲಕ್ಷ್ಯ ಒಂದು ಇಲ್ಲ."

ಅವನು ಕಣ್ಣೊರೆಸಿಕೊಂಡು ಹೋದ. ನನಗೂ ಬೇಜಾರಾಯಿತು. ಆದರೆ ಯಂತ್ರ ಏನೂ ಇಲ್ಲ ಅನ್ನುವಾಗ ಇದೆ ಎಂದು ಬರೆಯಲು ನಾನು ಯಾರು? ವರದಿಯನ್ನು ಟೈಪು ಮಾಡಿ ಇಟ್ಟೆ, ಸಹಿಯೊಂದು ಬಾಕಿ.

ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬನಹಟ್ಟಿಯ ದೊಡ್ಡ ಟ್ರಾನ್ಸ್‌ಫಾರ್ಮರು ಕೈಕೊಟ್ಟಿತು. ನಮಗೆ ಅದನ್ನು ಯಾರೂ ಫೋನು ಮಾಡಿ ಹೇಳಬೇಕಾಗಿಲ್ಲ. ಪರದೆಯ ಕೆಳಗೆ ಪ್ರತಿ ಪಟ್ಟಿಗೂ ಒಂದು ತೆಳು ಬೂದು ಗೆರೆ ಇದೆ, ಜರಡಿ ಹಿಡಿದ ಕಸ ಎಷ್ಟೆಂದು ತೋರಿಸುವುದಕ್ಕೆ. ಬನಹಟ್ಟಿಯ ಮುನ್ನೂರ ನಲವತ್ತು ಬೂದು ಗೆರೆಗಳು ಹಗಲೂ ರಾತ್ರಿ ಹಲ್ಲು ಹಲ್ಲಾಗಿ ಓಡುತ್ತವೆ. ಆ ದಿನ ಎಲ್ಲವೂ ಒಂದೇ ಏಟಿಗೆ ನೆಲಕ್ಕೆ ಮಲಗಿದವು. ಮಗ್ಗ ನಿಂತರೆ ಕಸ ಎಲ್ಲಿಂದ ಬರಬೇಕು? ನಾನು ಚುರುಮುರಿಯ ಪೊಟ್ಟಣ ಬಿಚ್ಚಿ ಕೂತೆ. ಇಂಥ ಬಿಡುವು ನಮಗೆ ಅಪರೂಪ.

ಎರಡು ಮುಷ್ಟಿ ತಿನ್ನುವಷ್ಟರಲ್ಲಿ ಒಂದು ಬೂದು ಗೆರೆ ಎದ್ದಿತು. ಒಂದೇ ಒಂದು. ಒಂಬತ್ತು ಸೆಕೆಂಡು ಹಲ್ಲು ಹಲ್ಲಾಗಿ ಓಡಿ, ಮತ್ತೆ ಮಲಗಿತು. ಯಾರದೋ ಮನೆಯಲ್ಲಿ ಜನರೇಟರು ಇರಬೇಕು ಅಂದುಕೊಂಡೆ. ಆದರೆ ಒಂಬತ್ತು ಸೆಕೆಂಡಿಗೆ ಮಗ್ಗ ಹಚ್ಚಿ ಆರಿಸುವ ಹುಚ್ಚ ಯಾರು? ನಾಲ್ಕು ನಿಮಿಷ ಬಿಟ್ಟು ಅದೇ ಗೆರೆ ಮತ್ತೆ ಎದ್ದಿತು. ಪಟ್ಟಿಯ ನಂಬರು ನೋಡಿದೆ. ಶಾಕಂಬರಿ ಪರಪ್ಪ ಹಾವೋಜಿ.

ಅವರ ಮನೆಗೆ ಫೋನು ಮಾಡಿದೆ. ಎತ್ತಿದವಳು ಪರಪ್ಪನ ತಾಯಿ ನೀಲವ್ವ. ಮಗ್ಗ ನಿಂತಿದ್ದರೂ ಅಭ್ಯಾಸಬಲದಿಂದ ಕಿವಿ ಕಿತ್ತುಹೋಗುವಂತೆ ಕೂಗಿದಳು.

"ಯಾರ್ರೀ?"

"ನಾ ಅಂಬಿಕಾ, ಜಮಖಂಡಿಯಿಂದ. ಆಯಿ, ನಿಮ್ಮ ಮನ್ಯಾಗ ಮಗ್ಗ ನಡದಾವೇನು?"

"ಎಲ್ಲಿ ಮಗ್ಗ ತಗೀತಿ ಯವ್ವಾ! ಇಡೀ ಓಣಿ ಸುಡಗಾಡ ಆಗೇತಿ. ಪರಪ್ಪ ಕರೆಂಟಿನವರ ಬೆನ್ನ ಹತ್ತಿ ಹೋಗ್ಯಾನ."

"ಶಾಕಂಬರಿ ಸಾಲಿಗೆ ಹೋಗಿಲ್ಲ?"

"ಇವತ್ತ ಸಾಲಿ ಸೂಟಿ ಐತಿ. ಇಲ್ಲೇ ಕುಂತು ಕಂಡಿಕಿ ಎಣಸಾಕತ್ತಾಳ. ನನಗ ಕಣ್ಣು ಕಾಣಂಗಿಲ್ಲಲ್ಲ, ನೂರರ ಕಟ್ಟು ಕಟ್ಟಬೇಕು."

ನೂಲು ಸುತ್ತಿದ ಕಂಡಿಕೆಗಳು ಬುಟ್ಟಿಗೆ ಬೀಳುವ ಟಕ್ ಟಕ್ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅದರ ಜೊತೆಗೆ ಹುಡುಗಿಯ ದನಿ. ಆಯಿ, ಫೋನು ಹಾಗೇ ಹಿಡಿದುಕೋ ಎಂದು ಹೇಳಿ ಪರದೆಯ ಮೇಲೆ ಕಣ್ಣಿಟ್ಟೆ.

"ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು."

ಟಕ್ ಎನ್ನಲಿಲ್ಲ. ಬೂದು ಗೆರೆ ಎದ್ದಿತು. ಒಂದು, ಎರಡು, ಮೂರು ಸೆಕೆಂಡು. ಹೊರಗೆ ಎಲ್ಲೋ ಕಾಗೆಯೊಂದು ಕೂಗಿದ್ದು ಫೋನಿನಲ್ಲಿ ಕೇಳಿಸಿತು. ಎಂಟು, ಒಂಬತ್ತು, ಹತ್ತು. ಗೆರೆ ಮಲಗಿತು.

"ಆಯಿ, ಎಲ್ಲಿದ್ದೆ ನಾ?" ಎಂದಿತು ಹುಡುಗಿಯ ದನಿ.

"ನನಗೇನು ಗೊತ್ತ? ಎಣಸಾಕಿ ನೀನು," ಎಂದಳು ನೀಲವ್ವ. ಆಮೇಲೆ ಫೋನಿಗೆ, "ಹಿಂಗ ನೋಡವ್ವ ಇದು. ಮಗ್ಗ ಇದ್ದಾಗ ಗೊತ್ತಾಗೂದಿಲ್ಲ. ಇವತ್ತ ಸದ್ದಿಲ್ಲಲ್ಲ, ನನಗೂ ಇವತ್ತ ತಿಳೀತು. ಕರೆಂಟ ಹೋದಾಗಿಂದ ಮೂರು ಸಲ ಕೇಳ್ಯಾಳ, ಎಲ್ಲಿದ್ದೆ ಅಂತ."

ನಾನು ಫೋನು ಇಟ್ಟು ಜರಡಿಯನ್ನು ಆ ಒಂದು ಪಟ್ಟಿಗೆ ಮಾತ್ರ ತೆಗೆದು ಹಾಕಿದೆ. ಕಸವೆಂದು ನಾಲ್ಕು ವರ್ಷ ಎಸೆದದ್ದು ಈಗ ಮೇಲಿನ ದೊಡ್ಡ ಗೆರೆಯಲ್ಲಿ ಬಂತು. ಒಂದು ಚೂಪು ಮೊನೆ, ಅದರ ಹಿಂದೆ ಒಂದು ದುಂಡು ಅಲೆ, ಮತ್ತೆ ಮೊನೆ, ಮತ್ತೆ ಅಲೆ, ಸೆಕೆಂಡಿಗೆ ಸರಿಯಾಗಿ ಮೂರು. ಬಿಳಿ ಬಗೆಯ ಗುರುತು ಅದೇ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಅಂಕ ತೆಗೆದುಕೊಂಡಿದ್ದೆ. ಆದರೆ ಸೆಕೆಂಡಿಗೆ ಮೂರು ಅಂದ ಕೂಡಲೇ ನನ್ನ ಕಿವಿಗೆ ಮಗ್ಗ ಕೇಳಿಸುತ್ತದೆ. ಹುಟ್ಟಿದ್ದೇ ಆ ತಾಳದಲ್ಲಿ. ಬೇರೆ ಯಾವುದೂ ಅದೇ ತಾಳದಲ್ಲಿ ಬರಬಹುದೆಂದು ನನಗೆ ಹೊಳೆಯಲೇ ಇಲ್ಲ. ಚುರುಮುರಿ ಬದಿಗಿಟ್ಟು ಪರಪ್ಪನ ಮನೆಗೆ ಮತ್ತೆ ಫೋನು ಮಾಡಿ, ಶಾಕಂಬರಿಯನ್ನು ನಾಳೆಯೇ ಡಾಕ್ಟರಿಗೆ ತೋರಿಸಬೇಕೆಂದು ಹೇಳಿದೆ.

ಮರುದಿನ ಪರಪ್ಪ ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಬಂದ. ನಮ್ಮ ನರರೋಗದ ಡಾಕ್ಟರು ಶಮೀನಾ ನದಾಫ ಕಡಿಮೆ ಮಾತಿನವರು. ಶಾಕಂಬರಿಯನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಾಗದದ ಗಾಳಿಗಿರಗಟ್ಟಿ ಕೈಗೆ ಕೊಟ್ಟರು.

"ಊದವ್ವ. ನಿಲ್ಲಿಸಬ್ಯಾಡ. ಮೂರು ನಿಮಿಷ ತಿರಗಸಿದ್ರ ಇದು ನಿಂದ."

ಜೋರಾಗಿ ಉಸಿರು ಬಿಡುತ್ತಿದ್ದರೆ ರಕ್ತದಲ್ಲಿನ ಇಂಗಾಲದ ಅನಿಲ ಇಳಿಯುತ್ತದೆ, ಆಗ ಬಿಳಿ ಬಗೆ ಅಡಗಿದ್ದರೆ ಹೊರಗೆ ಬರುತ್ತದೆ. ಹಳೆಯ ಪರೀಕ್ಷೆ, ಮಕ್ಕಳಿಗೆ ಆಟವಾಗಲೆಂದು ಡಾಕ್ಟರು ಗಿರಗಟ್ಟಿ ಇಟ್ಟುಕೊಂಡಿದ್ದಾರೆ. ಹುಡುಗಿ ಕೆನ್ನೆ ಉಬ್ಬಿಸಿ ಊದಿದಳು. ಕೆಂಪು ಹಸಿರು ರೆಕ್ಕೆಗಳು ಭರ್ರೆಂದು ತಿರುಗಿದವು. ಪರಪ್ಪ ಕೈಕಟ್ಟಿ ಗೋಡೆಗೊರಗಿ ನಿಂತಿದ್ದ.

ಎರಡನೆಯ ನಿಮಿಷ ಮುಗಿಯುತ್ತಿದ್ದಂತೆ ಗಿರಗಟ್ಟಿ ನಿಧಾನವಾಯಿತು, ನಿಂತಿತು. ಶಾಕಂಬರಿಯ ಬಾಯಿ ಊದುವ ಆಕಾರದಲ್ಲೇ ಇತ್ತು. ಕಣ್ಣು ತೆರೆದಿದ್ದವು, ರೆಪ್ಪೆ ಸಣ್ಣಗೆ ಅದುರುತ್ತಿದ್ದವು. ಪರದೆಯ ಮೇಲೆ ಮೊನೆ, ಅಲೆ, ಮೊನೆ, ಅಲೆ. ಕಿವಿಯ ಪಕ್ಕದ ಮಣಿ ಬೆಳ್ಳಗೆ ಹೊತ್ತಿತು.

ಡಾಕ್ಟರು "ಮಾವಿನಹಣ್ಣು" ಎಂದರು, ಸ್ವಲ್ಪ ಜೋರಾಗಿ. ಹುಡುಗಿ ಅಲುಗಲಿಲ್ಲ. ಹನ್ನೊಂದು ಸೆಕೆಂಡಿಗೆ ಮಣಿ ಆರಿತು. ಶಾಕಂಬರಿ ಕಣ್ಣು ಮಿಟುಕಿಸಿ ಮತ್ತೆ ಊದತೊಡಗಿದಳು.

"ಈಗ ನಾ ಏನಂದೆ ಹೇಳು?"

"ನಿಲ್ಲಿಸಬ್ಯಾಡ ಅಂದ್ರಿ."

ಪರಪ್ಪ ಗೋಡೆ ಬಿಟ್ಟು ಮುಂದೆ ಬಂದ. ಡಾಕ್ಟರು ಪರದೆ ತೋರಿಸಿ ಎಲ್ಲ ಹೇಳಿದರು. ಇದೂ ಅಪಸ್ಮಾರವೇ, ಬೀಳದ ಬಗೆ. ಇಷ್ಟು ದಿನದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪಾಠದ ನಡುವಿನ ಹತ್ತು ಹತ್ತು ಸೆಕೆಂಡುಗಳನ್ನು ಯಾರೋ ಕತ್ತರಿಸಿ ತೆಗೆದಂತೆ ಅವಳಿಗೆ. ಗುಳಿಗೆ ಇದೆ, ಆದರೆ ಪರಪ್ಪನ ಗುಳಿಗೆಯೇ ಇವಳಿಗೆ ಆಗುತ್ತದೆ ಎಂದೇನಿಲ್ಲ. ಒಂದು ಬಗೆಗೆ ಹಿಡಿಸಿದ ಮದ್ದು ಇನ್ನೊಂದು ಬಗೆಯನ್ನು ಹೆಚ್ಚು ಮಾಡುವುದೂ ಉಂಟು, ಅದಕ್ಕೇ ಬಗೆ ತಿಳಿಯಬೇಕು. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುವಷ್ಟರಲ್ಲಿ ಇದು ಹೋಗಿಬಿಡುತ್ತದೆ.

ಪರಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. ಬನಹಟ್ಟಿಯವನ ಬಾಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಡಾಕ್ಟರ, ನಾ ಹೊಡದಾಗ ಆಕಿ ಅಲ್ಲಿ ಇದ್ದಿಲ್ಲೇನ್ರಿ?"

"ಇದ್ದಿಲ್ಲ," ಎಂದರು ಶಮೀನಾ. "ಏಟು ಬಿದ್ದ ಮ್ಯಾಲ ಬಂದಿರಬೇಕು. ಯಾಕ ಬಿತ್ತು ಅಂತ ಆಕಿಗೆ ತಿಳಿದಿರೂದಿಲ್ಲ."

ಅವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದ. ಶಾಕಂಬರಿ ಗಿರಗಟ್ಟಿ ತೋರಿಸಿ, "ಇದು ನಂದಂತಪ್ಪ," ಎಂದಳು. ನೀಲವ್ವ ಮೂಲೆಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಇನ್ನು ನನ್ನ ಸರದಿ. ಸುಮ್ಮನಿದ್ದರೆ ನಡೆಯುತ್ತಿತ್ತು, ಯಂತ್ರ ತಪ್ಪು ಮಾಡಿತು ಎಂದರೆ ಎಲ್ಲರೂ ನಂಬುತ್ತಿದ್ದರು. ಆದರೆ ಯಂತ್ರಕ್ಕೆ ಹೇಳಿಕೊಟ್ಟವಳು ನಾನು. ಪರಪ್ಪನನ್ನು ಹೊರಗೆ ಕರೆದು ಹೇಳಿದೆ, ಈ ಜರಡಿ ನನ್ನದು, ನಿಮ್ಮ ಮಗಳ ಬೇನೆಯನ್ನು ಕಸ ಎಂದು ಎಸೆದವಳು ನಾನು ಎಂದು. ಅವನು ಬಯ್ಯಲಿ ಎಂದೇ ಕಾದೆ.

"ಅದೇ ಜರಡಿ ಇರಲಿಲ್ಲಂದ್ರ ನಾ ಇವತ್ತ ಮಗ್ಗಕ್ಕ ನಿಲ್ತಿದ್ದಿಲ್ರಿ ಅಕ್ಕಾರ," ಎಂದ. ಆಮೇಲೆ ಕೇಳಿದ, "ಊರಾಗ ಇಂಥಾ ಮಕ್ಕಳು ಇನ್ನೂ ಅದಾವೇನು?"

ಅದೇ ನನ್ನ ಎದೆ ಕೊರೆಯುತ್ತಿದ್ದುದು. ಶಾಲೆಗಳು ಕಳಿಸಿದ ಅರವತ್ತೊಂದು ಮಕ್ಕಳು ಆಗ ಬನಹಟ್ಟಿಯಲ್ಲಿ ಪಟ್ಟಿ ಕಟ್ಟಿಕೊಂಡಿದ್ದರು. ಜರಡಿ ತೆಗೆದರೆ ಮಗ್ಗದ ನಡುಕ ಎಲ್ಲರ ಗೆರೆಯನ್ನೂ ಮುಚ್ಚುತ್ತದೆ. ಜರಡಿ ಇಟ್ಟರೆ ಬಿಳಿ ಬಗೆ ಕಸಕ್ಕೆ ಹೋಗುತ್ತದೆ. ಮಗ್ಗ ನಿಂತಾಗ ಮಾತ್ರ ಸತ್ಯ ಕಾಣುತ್ತದೆ. ಎಲ್ಲರನ್ನೂ ಒಬ್ಬೊಬ್ಬರಾಗಿ ಜಮಖಂಡಿಗೆ ಕರೆಸಿ ನೋಡಲು ತಿಂಗಳುಗಳೇ ಬೇಕು. ಗುರುವಾರ ಕರೆಂಟು ಹೋದದ್ದು ಅರ್ಧ ತಾಸು, ಅಷ್ಟರಲ್ಲಿ ಬಂದರೆ ಬಂತು.

"ಎಷ್ಟ ಹೊತ್ತು ನಿಲ್ಲಬೇಕ್ರಿ ಮಗ್ಗ?" ಎಂದು ಕೇಳಿದ ಪರಪ್ಪ.

"ಒಂದು ತಾಸು ಸಿಕ್ಕರ ಸಾಕು. ಆದ್ರ ಊರಿಗೆ ಊರ ಹೆಂಗ ನಿಲ್ಲಸ್ತೀರಿ?"

"ಅದು ನನಗ ಬಿಡ್ರಿ."

ಶನಿವಾರ ನಾನು ಹಳೆಯ ವರದಿಯನ್ನು ಹರಿದು ಹಾಕಿ ಹೊಸದಕ್ಕೆ ಸಹಿ ಹಾಕಿದೆ. ಶಾಕಂಬರಿ ಅದೇ ಶಾಲೆಯಲ್ಲಿ ಉಳಿಯುವುದೆಂದಾಯಿತು. ಆ ಶನಿವಾರವೂ ಭಾನುವಾರವೂ ಪರಪ್ಪ ಓಣಿ ಓಣಿ ತಿರುಗಿದ. ಏನು ಹೇಳಿದನೋ ನೀಲವ್ವನಿಂದ ಆಮೇಲೆ ತಿಳಿಯಿತು. ಎಲ್ಲರ ಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು: ನನಗೂ ಫಿಟ್ಸ್ ಇದೆ, ಆದರೂ ತಿಳಿಯದೆ ನನ್ನ ಮಗಳಿಗೆ ಹೊಡೆದೆ, ನೀವು ಹೊಡೆಯುವುದು ಬೇಡ, ಸೋಮವಾರ ಹನ್ನೊಂದಕ್ಕೆ ಒಂದು ತಾಸು ಮಗ್ಗ ನಿಲ್ಲಿಸಿ. ಹದಿನೈದು ವರ್ಷ ತನ್ನ ಫಿಟ್ಸನ್ನು ಊರಿನಿಂದ ಮುಚ್ಚಿಡಲು ಹೆಣಗಿದ ಮನುಷ್ಯ ಅದನ್ನು ಬಾಗಿಲು ಬಾಗಿಲಿಗೆ ಹೇಳಿಕೊಂಡು ಬಂದ. ನೇಕಾರರ ಸಂಘದವರು ಒಪ್ಪಿದರು.

ಸೋಮವಾರ ನಾನು ಜಮಖಂಡಿಯಲ್ಲಿ ಪರದೆಯ ಮುಂದೆ, ಡಾಕ್ಟರು ನನ್ನ ಪಕ್ಕದಲ್ಲಿ. ಬನಹಟ್ಟಿಯ ಶಾಲೆಯ ಅಂಗಳದಲ್ಲಿ ಅರವತ್ತೊಂದು ಮಕ್ಕಳ ಕೈಗೆ ಅರವತ್ತೊಂದು ಗಿರಗಟ್ಟಿ, ಕೆಮ್ಮು ನೆಗಡಿ ಇದ್ದವರನ್ನು ಬಿಟ್ಟು ಉಳಿದವರಿಗೆಲ್ಲ ಊದುವ ಕೆಲಸ. ಒಬ್ಬ ನರ್ಸಮ್ಮ ಎಲ್ಲರನ್ನೂ ನೋಡಿಕೊಳ್ಳುತ್ತಿದ್ದಳು. ಗಡಿಯಾರ ಹನ್ನೊಂದು ಹೊಡೆಯಿತು. ಮೊದಲು ಪರಪ್ಪನ ಓಣಿಯ ಬೂದು ಗೆರೆಗಳು ಮಲಗಿದವು, ಆಮೇಲೆ ಪಕ್ಕದ ಓಣಿ, ಆಮೇಲೆ ಸೋಮವಾರಪೇಟೆಯ ಕಡೆ. ಯಾರೋ ಒಬ್ಬ ಎರಡು ನಿಮಿಷ ತಡಮಾಡಿದ. ಅವನ ಮನೆಯ ಗೆರೆಯೂ ಕೊನೆಗೆ ಮಲಗಿತು.

ನಾನು ಜರಡಿ ತೆಗೆದೆ.

ಆ ಒಂದು ತಾಸಿನ ಬಗ್ಗೆ ಊರಿನಲ್ಲಿ ಈಗಲೂ ಮಾತಾಡುತ್ತಾರೆ. ಜನ ಹೊರಗೆ ಬಂದು ಕಟ್ಟೆಯ ಮೇಲೆ ಕೂತರಂತೆ, ಏನು ಮಾಡಬೇಕೆಂದು ತಿಳಿಯದೆ. ಗಂಡ ಹೆಂಡತಿ ಮಾತಾಡಿದ್ದು ಎದುರುಮನೆಗೆ ಕೇಳಿಸಿ ಎರಡು ಕಡೆ ಜಗಳವೂ ಆಯಿತಂತೆ. ನಮ್ಮ ಕೊಠಡಿಯಲ್ಲಿ ಮಾತ್ರ ಇಬ್ಬರೂ ಗೆರೆಗಳಿಂದ ಕಣ್ಣು ಕೀಳದೆ ಕೂತಿದ್ದೆವು. ಹನ್ನೊಂದೂ ಇಪ್ಪತ್ತಕ್ಕೆ ಒಂದು ಬಿಳಿ ಹೊತ್ತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ತಾಸು ಮುಗಿಯುವಷ್ಟರಲ್ಲಿ ನಾಲ್ಕು ಮಕ್ಕಳು ಸಿಕ್ಕಿದ್ದರು. ಇಬ್ಬರ ಮೇಲೆ ಮೊಂಡರೆಂಬ ದೂರಿತ್ತು, ಒಬ್ಬನ ಮೇಲೆ ಕಿವುಡನೆಂದು. ನಾಲ್ಕನೆಯವಳ ಮೇಲೆ ಯಾವ ದೂರೂ ಇರಲಿಲ್ಲ, ತಮ್ಮನಿಗೆ ಜೊತೆಯಾಗಲಿ ಎಂದು ಪಟ್ಟಿ ಕಟ್ಟಿದ್ದರು. ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನು ಅತ್ತುಬಿಟ್ಟೆ.

ಶಾಲೆಗಳು ಇಷ್ಟು ಮಕ್ಕಳನ್ನು ಕಳಿಸಿದ್ದು ಈ ವರ್ಷವೇ, ಹಿಂದಿನ ವರ್ಷಗಳಲ್ಲಿ ನಾನು ಏನೂ ಇಲ್ಲವೆಂದು ಸಹಿ ಹಾಕಿದ ಮಕ್ಕಳು ಹನ್ನೊಂದು ಮಂದಿ. ಊರಲ್ಲಿದ್ದ ಒಂಬತ್ತು ಮಂದಿಯನ್ನು ಕರೆಸಿ ಮತ್ತೆ ನೋಡಿದೆವು, ಯಾರ ಮಣಿಯೂ ಹೊತ್ತಲಿಲ್ಲ; ಇಬ್ಬರು ಆ ದೂರದ ವಸತಿ ಶಾಲೆಯಲ್ಲಿದ್ದರು. ಬಸ್ಸು ಹತ್ತಿ ನಾನೇ ಹೋದೆ, ಚೀಲದಲ್ಲಿ ಎರಡು ಪಟ್ಟಿ, ಎರಡು ಗಿರಗಟ್ಟಿ. ಒಬ್ಬ ಹುಡುಗನ ಮಣಿ ಹೊತ್ತಿತು. ದಸರೆಗೆ ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಅವನ ತಾಯಿಗೆ ಕ್ಷಮೆ ಕೇಳಿದಾಗ ಅವಳು ಎದ್ದು ಒಳಗೆ ಹೋದಳು. ಆಮೇಲೆ ಚಹಾ ತಂದಳು, ಆದರೆ ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಹೊಸ ಜರಡಿ ಈಗ ನಡೆಯುತ್ತಿದೆ. ಮನೆಯ ಗೋಡೆಗೆ ಒಂದು ಸಣ್ಣ ಡಬ್ಬಿ ಹಚ್ಚಿದ್ದೇವೆ, ಗೋಡೆ ಎಷ್ಟು ನಡುಗುತ್ತದೋ ಅಷ್ಟನ್ನು ಮಾತ್ರ ಕಂಪ್ಯೂಟರು ಕಳೆಯುತ್ತದೆ. ತಾಳ ನೋಡಿ ಕಳೆಯುವುದಿಲ್ಲ, ಎಲ್ಲಿಂದ ಬಂತೆಂದು ಕೇಳಿ ಕಳೆಯುತ್ತದೆ. ಮೊದಲೇ ಹೀಗೆ ಮಾಡಬಹುದಿತ್ತು, ಒಂದು ತಿಂಗಳ ಕೆಲಸ. ಒಂದು ವಾರದಲ್ಲಿ ಮುಗಿಸಿ ಶಾಲು ಹೊದ್ದುಕೊಳ್ಳುವ ಅವಸರ ನನಗೆ. ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ಫೋಟೋವನ್ನು ನಾನೇ ಗೋಡೆಯಿಂದ ಇಳಿಸಿದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಗೋಡೆಯ ಡಬ್ಬಿ ನೋಡುವ ನೆಪ ಮಾಡಿಕೊಂಡು ಪರಪ್ಪನ ಮನೆಗೆ ಹೋದೆ. ಗುಳಿಗೆ ಶುರುವಾಗಿ ಎರಡು ತಿಂಗಳು ಕಳೆದಿತ್ತು. ಮೊದಲ ವಾರಗಳಲ್ಲಿ ಶಾಲೆಯಲ್ಲಿ ಬಿಳಿ ಹೊತ್ತಿದಾಗಲೆಲ್ಲ ಪಕ್ಕದ ಹುಡುಗಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳಂತೆ, ಶಾಕಂಬರಿ ಬಂದ ಕೂಡಲೇ ಇಲ್ಲಿಂದ ಓದು ಎಂದು ತೋರಿಸಲು. ಈಗ ಹದಿನೆಂಟು ದಿನದಿಂದ ಮಣಿ ಹೊತ್ತಿಲ್ಲ, ಬೆರಳಿಗೆ ಕೆಲಸವಿಲ್ಲ.

ನಾಲ್ಕೂ ಮಗ್ಗ ಭರಾಟೆಯಲ್ಲಿ ನಡೆಯುತ್ತಿದ್ದವು. ಪರಪ್ಪ ಮಗ್ಗದ ಆಚೆಯಿಂದ ಕೈಯೆತ್ತಿ, ಕೂತುಕೊಳ್ಳಿ, ಚಹಾ ಬರುತ್ತದೆ ಎಂದು ಸನ್ನೆ ಮಾಡಿದ. ಶಾಕಂಬರಿ ಬುಟ್ಟಿಯ ಮುಂದೆ ಕೂತು ಕಂಡಿಕೆ ಎಣಿಸುತ್ತಿದ್ದಳು. ದನಿ ಕೇಳುತ್ತಿರಲಿಲ್ಲ, ನಾನು ತುಟಿ ನೋಡಿದೆ. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು. ನಾನು ಅವಳ ಕಿವಿಯ ಪಕ್ಕದ ಮಣಿ ನೋಡಿದೆ. ಮೂವತ್ತೆರಡು. ಮೂವತ್ತಮೂರು.

ನೀಲವ್ವ ಕಟ್ಟುವ ದಾರ ಹಿಡಿದುಕೊಂಡು ನನಗೆ ಏನೇನೋ ಊರ ಸುದ್ದಿ ಹೇಳತೊಡಗಿದಳು. ಯಾರದೋ ಮದುವೆ, ಯಾರದೋ ಸೊಸೆ, ಕಣ್ಣಿನ ಆಪರೇಷನ್ನಿಗೆ ಡಾಕ್ಟರು ಕೊಟ್ಟ ತಾರೀಖು. ಮಾತಿನ ಭರದಲ್ಲಿ ಕೈಯಲ್ಲಿದ್ದ ಕಂಡಿಕೆಗಳು ಕೆಳಗೆ ಬಿದ್ದವು. ಅವಳು ನೆಲ ತಡಕಾಡಿ ಎತ್ತಿಕೊಂಡು, ಮೊಮ್ಮಗಳ ಕಡೆ ತಿರುಗಿ ಕೂಗಿದಳು.

"ಏ ಶಾಕಿ, ಎಲ್ಲಿದ್ವಿ?"

ಹುಡುಗಿ ತಲೆಯೆತ್ತಿದಳು. ಹಲ್ಲಿನ ಸಂದು ಕಾಣುವಂತೆ ನಕ್ಕು, ಮಗ್ಗಗಳ ಸದ್ದನ್ನು ಮೀರಿಸಿ ನನಗೂ ಕೇಳುವಂತೆ ಕೂಗಿದಳು.

"ಅರವತ್ತನಾಕು, ಆಯಿ!"